ಸರ್‌ನೇಮ್ ನೋಡಿ ಜಾತಿ ಹೇಳಬಹುದೇ? ಪುಟ್ಟೇನಹಳ್ಳಿಯಿಂದ ಬಂದ ಒಂದು ಫಾರ್ವರ್ಡ್‌ನ ಅಸಲಿಯತ್ತು

‘ನಿಮ್ಮ ಸರ್‌ನೇಮ್ ಹೇಳಿ, ನಿಮ್ಮ ಮೂಲ ನಾವು ಹೇಳುತ್ತೇವೆ’ ಎಂಬ ಉದ್ದನೆಯ ವಾಟ್ಸ್‌ಆ್ಯಪ್ ಸಂದೇಶವೊಂದನ್ನು ಜೆ.ಪಿ. ನಗರದ ಪುಟ್ಟೇನಹಳ್ಳಿಯ ಓದುಗರೊಬ್ಬರು ನಮಗೆ ಕಳಿಸಿದ್ದಾರೆ. ಅವರ ಅಪಾರ್ಟ್‌ಮೆಂಟ್ ಗ್ರೂಪಿನಲ್ಲಿ ಒಂದೇ ವಾರದಲ್ಲಿ ಮೂರು ಸಲ ಬಂದಿದೆಯಂತೆ. ಗೌಡ ಎಂದರೆ ಇಂಥ ಜಾತಿ, ಶೆಟ್ಟಿ ಎಂದರೆ ವ್ಯಾಪಾರಿ, ಹೆಗಡೆ ಎಂದರೆ ಬ್ರಾಹ್ಮಣ ಎಂದು ಪಟ್ಟಿ ಸಾಗುತ್ತದೆ. ಸರ್‌ನೇಮ್ ಇಲ್ಲದೆ ಬರೀ ಇನಿಷಿಯಲ್ ಇರುವವರಿಗೆ ‘ಮೂಲವೇ ಇಲ್ಲ, ಅದು ಬ್ರಿಟಿಷರು ಕೊಟ್ಟದ್ದು’ ಎಂದಿದೆ. ಕೊನೆಯಲ್ಲಿ ಎಂದಿನ ಹೆದರಿಕೆ: ಹೆಸರಿನಲ್ಲಿ ಪುಟ್ಟ, ತಿಪ್ಪ, ಹುಚ್ಚ ಇದ್ದರೆ ಭಾಗ್ಯ ಕುಗ್ಗುತ್ತದೆ, ಕೂಡಲೇ ಬದಲಾಯಿಸಿ, 10 ಜನರಿಗೆ ಕಳಿಸಿ.

ಓದಿ ನಕ್ಕು ಡಿಲೀಟ್ ಮಾಡಬಹುದಿತ್ತು. ಆದರೆ ಆ ಓದುಗರು ಜೊತೆಗೆ ಎರಡು ಮಾತು ಬರೆದಿದ್ದರು. ಅವರ ಮಾವನ ಹೆಸರಿನಲ್ಲಿ ‘ಪುಟ್ಟ’ ಇದೆ; ಮೊಮ್ಮಗ ಈ ಸಂದೇಶ ಓದಿ ತಾತನ ಹೆಸರು ಕೆಟ್ಟದ್ದಾ ಎಂದು ಕೇಳಿದನಂತೆ. ಇನ್ನೊಂದು, ಈ ಮನೆಗೆ ಬರುವ ಮುಂಚೆ ಬಾಡಿಗೆಗೆ ಮನೆ ಹುಡುಕುವಾಗ ಕೇಳಿದ್ದು: “ನಿಮ್ಮ ಸರ್‌ನೇಮ್ ಏನಮ್ಮಾ?” ಸರ್‌ನೇಮ್ ಇಲ್ಲ, ಇನಿಷಿಯಲ್ ಅಷ್ಟೇ ಎಂದಾಗ “ಆಯ್ತು, ಆಮೇಲೆ ಫೋನ್ ಮಾಡ್ತೀವಿ” ಎಂದರು. ಫೋನ್ ಬರಲಿಲ್ಲ. ಬೆಂಗಳೂರಿನಲ್ಲಿ ಮನೆ ಹುಡುಕಿದವರಿಗೆ ಈ ಪ್ರಶ್ನೆಯ ಒಳಗೆ ಯಾವ ಪ್ರಶ್ನೆ ಇದೆ ಎಂದು ಬಿಡಿಸಿ ಹೇಳಬೇಕಿಲ್ಲ.

ಹಾಗಾಗಿ ಈ ಸಂದೇಶವನ್ನು ಸ್ವಲ್ಪ ವಿವರವಾಗಿಯೇ ನೋಡೋಣ. ಚುಟುಕಾಗಿ ಹೇಳುವುದಾದರೆ: ನಮ್ಮ ಹೆಸರುಗಳು ಊರು, ಅಪ್ಪ, ಕಸುಬು, ಹುದ್ದೆ, ಮನೆದೇವರು ಇವನ್ನೆಲ್ಲ ಹೇಳುತ್ತವೆ. ಜಾತಿಯನ್ನು ನಂಬುವಂತೆ ಹೇಳುವುದಿಲ್ಲ. ಹಣೆಬರಹವನ್ನಂತೂ ಹೇಳುವುದೇ ಇಲ್ಲ.

ಮೊದಲು ಪುಟ್ಟೇನಹಳ್ಳಿಯನ್ನೇ ನೋಡಿ

ಹಳೇ ಮೈಸೂರು ಕಡೆ ಮಲ್ಲೇನಹಳ್ಳಿ, ತಿಮ್ಮೇನಹಳ್ಳಿ, ಬೋರೇನಹಳ್ಳಿ, ರಾಮೇನಹಳ್ಳಿ ಎಂಬ ಊರುಗಳು ಬೇಕಾದಷ್ಟಿವೆ. ಬಾಯಿಮಾತಿನಲ್ಲಿ ‘ಅಯ್ಯನ’ ಎನ್ನುವುದು ‘ಏನ’ ಆಗುತ್ತದೆ. ಮಲ್ಲಯ್ಯನ ಹಳ್ಳಿ ಮಲ್ಲೇನಹಳ್ಳಿ, ತಿಮ್ಮಯ್ಯನ ಹಳ್ಳಿ ತಿಮ್ಮೇನಹಳ್ಳಿ. ಅದೇ ಅಚ್ಚಿನಲ್ಲಿ ಎರಕವಾದ ಹೆಸರು ಪುಟ್ಟೇನಹಳ್ಳಿ: ಪುಟ್ಟಯ್ಯನ ಹಳ್ಳಿ. ಬೆಂಗಳೂರಿನಲ್ಲೇ ಇಂಥ ಪುಟ್ಟೇನಹಳ್ಳಿ ಎರಡಿವೆ, ದಕ್ಷಿಣದ ಜೆ.ಪಿ. ನಗರದಲ್ಲಿ ಒಂದು, ಉತ್ತರದ ಯಲಹಂಕದಲ್ಲಿ ಇನ್ನೊಂದು. ಎರಡರಲ್ಲೂ ಒಂದೊಂದು ಕೆರೆ ಇರುವುದರಿಂದ ಕೆರೆಯ ಫೋಟೊ ಫಾರ್ವರ್ಡ್ ಮಾಡುವವರು ಆಗಾಗ ಅದಲುಬದಲು ಮಾಡುತ್ತಾರೆ, ಅದು ಬೇರೆ ಮಾತು.

ಅಂದರೆ ‘ಭಾಗ್ಯ ಕುಗ್ಗಿಸುವ’ ಪುಟ್ಟ ಎಂಬ ಹೆಸರಿನ ಮೇಲೇ ಈ ಗ್ರೂಪಿನ ಅಪಾರ್ಟ್‌ಮೆಂಟ್ ನಿಂತಿದೆ. ಅಲ್ಲಿನ ಫ್ಲ್ಯಾಟ್ ಬೆಲೆ ಕುಗ್ಗಿದ್ದನ್ನು ನಾವಂತೂ ಕಂಡಿಲ್ಲ!

ಪುಟ್ಟ ಎಂದರೆ ಚಿಕ್ಕ. ಮನೆಯಲ್ಲಿ ಮಗುವನ್ನು ಕರೆಯುವ ಮುದ್ದಿನ ಮಾತು. ಅದೇ ಬೆಳೆದು ಪುಟ್ಟಪ್ಪ, ಪುಟ್ಟಮ್ಮ, ಪುಟ್ಟಸ್ವಾಮಿ, ಪುಟ್ಟರಾಜು, ಪುಟ್ಟೇಗೌಡ ಆಗಿದೆ. ಚಿಕ್ಕ, ದೊಡ್ಡ, ಸಣ್ಣ, ಮರಿ, ಕೆಂಪ, ಕರಿಯ ಎಂಬ ಹೆಸರುಗಳೂ ಹೀಗೇ, ಮಗುವಿನ ಗಾತ್ರ, ಬಣ್ಣ, ಹುಟ್ಟಿದ ಸರದಿ ನೋಡಿ ಬಾಯಿಗೆ ಬಂದವು. ಕುವೆಂಪು ಅವರ ಪೂರ್ಣ ಹೆಸರು ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ. ಕನ್ನಡಕ್ಕೆ ಮೊದಲ ಜ್ಞಾನಪೀಠ ತಂದವರ ಹೆಸರು ಪುಟ್ಟಪ್ಪ ಎಂದ ಮೇಲೆ ಆ ಹೆಸರಿಗೆ ನಮ್ಮ ಸರ್ಟಿಫಿಕೇಟ್ ಬೇಕಿಲ್ಲ. ಡಾ. ರಾಜ್‌ಕುಮಾರ್ ಅವರ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ.

ತಿಪ್ಪ, ಹುಚ್ಚ, ಗುಂಡ: ಆ ತಾಯಂದಿರ ಭಯ

ತಿಪ್ಪೆ, ಹುಚ್ಚು, ಕಲ್ಲು ಇಂಥ ಹೆಸರುಗಳನ್ನು ಕೇಳಿದಾಗ ಈಗಿನ ಮಕ್ಕಳಿಗೆ ನಗು ಬರುತ್ತದೆ. ಶಾಲೆಯಲ್ಲಿ ಹಾಜರಿ ಕರೆಯುವಾಗ ತಲೆ ತಗ್ಗಿಸಿದವರು ನಮ್ಮ ಓದುಗರಲ್ಲೂ ಇರಬಹುದು. ಈ ಹೆಸರುಗಳ ಹಿಂದೆ ಎರಡು ದಾರಿಗಳಿವೆ.

ಒಂದು, ಮಕ್ಕಳು ಉಳಿಯದ ಕಾಲ. ಸಿಡುಬು, ಕಾಲರಾ, ವಾಂತಿಭೇದಿಗೆ ಒಂದಾದ ಮೇಲೊಂದು ಕೂಸು ಹೋದ ಮನೆಯಲ್ಲಿ ಮತ್ತೆ ಮಗು ಹುಟ್ಟಿದರೆ ಅದಕ್ಕೆ ಚೆಂದದ ಹೆಸರಿಡಲು ಹೆದರುತ್ತಿದ್ದರು. ಯಮನ ಕಣ್ಣಿಗೂ ಕೆಟ್ಟವರ ಕಣ್ಣಿಗೂ ಬೀಳದಿರಲಿ ಎಂದು ಬೇಕೆಂದೇ ತಿಪ್ಪ, ಗುಂಡ, ಕಸ, ತಿರುಕ ಎಂದು ಕರೆಯುತ್ತಿದ್ದರು. ಇದು ಕನ್ನಡನಾಡಿಗೆ ಮಾತ್ರ ಸೇರಿದ್ದಲ್ಲ, ಭಾರತದ ಬಹಳ ಕಡೆ, ಚೀನಾದಲ್ಲಿ, ಆಫ್ರಿಕಾದ ಹಲವು ಸಮುದಾಯಗಳಲ್ಲೂ ಇದೇ ಉಪಾಯ ಇತ್ತು. ಹೆಸರಿನಿಂದ ಸಿಡುಬು ತಡೆಯಲಾಗಲಿಲ್ಲ, ಅದನ್ನು ತಡೆದದ್ದು ಲಸಿಕೆ. ಆದರೆ ಆ ಹೆಸರು ಬೈಗುಳವಲ್ಲ, ಬದುಕಲಿ ಎಂಬ ಹರಕೆ.

ಎರಡನೆಯದು ದೇವರು. ಚಿತ್ರದುರ್ಗ ಜಿಲ್ಲೆಯಲ್ಲಿ ಮನೆಗೊಬ್ಬ ತಿಪ್ಪೇಸ್ವಾಮಿ ಇರುವುದು ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯಿಂದ. ಶಿವಮೊಗ್ಗ ಜಿಲ್ಲೆಯ ಶಿಕಾರಿಪುರದಲ್ಲಿ ಆಂಜನೇಯನಿಗೇ ಹುಚ್ಚುರಾಯಸ್ವಾಮಿ ಎಂದು ಹೆಸರು, ಆ ಕಡೆಯ ಹುಚ್ಚಪ್ಪ, ಹುಚ್ಚಮ್ಮಂದಿರಲ್ಲಿ ಅನೇಕರು ಆ ದೇವರ ಹೆಸರಿನವರು. ಆದ್ದರಿಂದ ಹೆಸರು ಕೇಳಿದ ಕೂಡಲೇ ಪದದ ಅರ್ಥ ಹಿಡಿದು ನಗುವ ಮುಂಚೆ ಅವರು ಯಾವ ಸೀಮೆಯವರು ಎಂದು ತಿಳಿಯಬೇಕು. ರಾಜ್‌ಕುಮಾರ್ ಅವರ ಹುಟ್ಟುಹೆಸರು ಮುತ್ತುರಾಜ್, ಕಾವೇರಿ ದಡದ ಮುತ್ತತ್ತಿರಾಯನಿಂದ ಬಂದದ್ದು. 1954ರ ‘ಬೇಡರ ಕಣ್ಣಪ್ಪ’ದಲ್ಲಿ ರಾಜ್‌ಕುಮಾರ್ ಆದರು.

ಒಂದು ಹೆಸರಿನ ಬಗ್ಗೆ ಮಾತ್ರ ಸ್ವಲ್ಪ ನಿಲ್ಲಬೇಕು. ಸಾಕಮ್ಮ. ಸಾಕು ಎಂದರೆ ಪೋಷಿಸು ಎಂದೂ ಆಗುತ್ತದೆ, ಇನ್ನು ಬೇಡ ಎಂದೂ ಆಗುತ್ತದೆ. ಹೆಣ್ಣುಮಕ್ಕಳೇ ಹುಟ್ಟಿದ ಮನೆಯಲ್ಲಿ ಇಟ್ಟ ಹೆಸರೋ, ಅಕ್ಕರೆಯಿಂದ ಸಾಕಿದ ಹೆಸರೋ ಎಂಬುದನ್ನು ಆ ಮನೆಯವರೇ ಹೇಳಬೇಕು. ಬೆಂಗಳೂರಿನ ಕಾಫಿಪುಡಿ ಸಾಕಮ್ಮನವರ ಹೆಸರು ಬಸವನಗುಡಿಯವರಿಗೆ ಇಂದಿಗೂ ನೆನಪಿದೆ. ನೆರೆಯ ಮಹಾರಾಷ್ಟ್ರದಲ್ಲಿ ‘ನಕುಸಾ’ ಎಂಬ ಹೆಸರಿನಲ್ಲಿ ಇಂಥ ಎರಡರ್ಥವೂ ಇಲ್ಲ, ಬೇಡವಾದವಳು ಎಂದೇ ಅರ್ಥ. 2011ರ ಅಕ್ಟೋಬರ್‌ನಲ್ಲಿ ಸಾತಾರಾ ಜಿಲ್ಲಾಡಳಿತ ಸಮಾರಂಭ ಮಾಡಿ 285 ಹುಡುಗಿಯರಿಗೆ ಹೊಸ ಹೆಸರು ಕೊಡಿಸಿತು. ಹೆಸರು ಬದಲಾಯಿಸಲು ಸರಿಯಾದ ಕಾರಣ ಇಂಥದ್ದು, ವಾಟ್ಸ್‌ಆ್ಯಪ್‌ನ ಹೆದರಿಕೆಯಲ್ಲ.

ಇನಿಷಿಯಲ್ ಬ್ರಿಟಿಷರು ಕೊಟ್ಟದ್ದೇ?

ಅಕ್ಷರಗಳಾಗಿ ಚುಟುಕುಗೊಳಿಸಿ ಚುಕ್ಕೆ ಇಡುವ ರೂಢಿ ಇಂಗ್ಲಿಷ್ ಶಾಲೆ, ಕಚೇರಿಗಳ ಜೊತೆ ಬಂದದ್ದು ನಿಜ. ಆದರೆ ಆ ಅಕ್ಷರಗಳ ಹಿಂದಿರುವ ‘ಇಂಥ ಊರಿನ, ಇಂಥವರ ಮಗ’ ಎಂಬ ಕ್ರಮ ಬಹಳ ಹಳೆಯದು. ಇದಕ್ಕೆ ಸಾಕ್ಷಿ ಹುಡುಕಿ ಪುಟ್ಟೇನಹಳ್ಳಿಯವರು ದೂರ ಹೋಗಬೇಕಿಲ್ಲ. ಕೆಲವೇ ಕಿಲೋಮೀಟರ್ ಆಚೆ ಬೇಗೂರಿನ ನಾಗೇಶ್ವರ ದೇವಾಲಯದಲ್ಲಿ ಸುಮಾರು ಕ್ರಿ.ಶ. 890ರ ವೀರಗಲ್ಲಿನ ಶಾಸನವಿದೆ. ಬೆಂಗಳೂರಿನ ಕಾಳಗದಲ್ಲಿ ನಾಗತ್ತರನ ಮಗ ಬುಟ್ಟಣ ಸೆಟ್ಟಿ ಸತ್ತ ಎಂದು ಅದು ಹೇಳುತ್ತದೆ. ಊರು, ಅಪ್ಪ, ಸ್ವಂತ ಹೆಸರು ಮೂರೂ ಅಲ್ಲಿವೆ. (ಹೊಯ್ಸಳ ದೊರೆ ಬೆಂದ ಕಾಳು ತಿಂದದ್ದರಿಂದ ಬೆಂಗಳೂರು ಎಂಬ ಇನ್ನೊಂದು ಫಾರ್ವರ್ಡ್‌ಗೂ ಇದೇ ಕಲ್ಲು ಉತ್ತರ. ಆ ಕಥೆಯ ವೀರಬಲ್ಲಾಳನಿಗಿಂತ ಸುಮಾರು ಮುನ್ನೂರು ವರ್ಷ ಮೊದಲೇ ಊರಿಗೆ ಈ ಹೆಸರಿತ್ತು.)

ಇನ್ನೊಂದು ಸಂಗತಿ ಗಮನಿಸಿ. ಕಾಳಗದಲ್ಲಿ ಸತ್ತವನ ಹೆಸರಿನ ಕೊನೆಗೆ ‘ಸೆಟ್ಟಿ’ ಇದೆ. ಸೆಟ್ಟಿ ಎಂದರೆ ವ್ಯಾಪಾರಿ ಎಂಬ ಪಟ್ಟಿಯ ಸಾಲನ್ನು ಇಲ್ಲಿಗೆ ತಂದು ನಿಲ್ಲಿಸಿದರೆ ಏನು ಹೇಳುತ್ತದೆ?

ಹಳೇ ಮೈಸೂರು ಕಡೆಯ ಇನಿಷಿಯಲ್‌ಗಳಲ್ಲಿ ಸಾಮಾನ್ಯವಾಗಿ ಮೊದಲ ಅಕ್ಷರ ಊರಿನದು, ಎರಡನೆಯದು ಅಪ್ಪನದು. ಎಚ್.ಡಿ. ದೇವೇಗೌಡರದು ಹರದನಹಳ್ಳಿ ದೊಡ್ಡೇಗೌಡ. ಎಸ್.ಎಲ್. ಭೈರಪ್ಪನವರದು ಸಂತೇಶಿವರ ಲಿಂಗಣ್ಣಯ್ಯ. ಕೆಲವೊಮ್ಮೆ ಕುಟುಂಬ ಎಂದೋ ಬಿಟ್ಟುಬಂದ ಊರು ಹೆಸರಿನಲ್ಲಿ ಉಳಿದಿರುತ್ತದೆ. ಸರ್ ಎಂ. ವಿಶ್ವೇಶ್ವರಯ್ಯ ಹುಟ್ಟಿದ್ದು ಚಿಕ್ಕಬಳ್ಳಾಪುರದ ಮುದ್ದೇನಹಳ್ಳಿಯಲ್ಲಿ. ಹೆಸರಿನ ‘ಎಂ’ ಮಾತ್ರ ಮೋಕ್ಷಗುಂಡಂ, ಆಂಧ್ರದ ಊರು. ಜಯನಗರದಲ್ಲಿ ಬಾಳಿ 2021ರಲ್ಲಿ 107ನೇ ವಯಸ್ಸಿನಲ್ಲಿ ತೀರಿಕೊಂಡ ನಿಘಂಟು ತಜ್ಞ ಜಿ. ವೆಂಕಟಸುಬ್ಬಯ್ಯನವರ ‘ಜಿ’ ಶ್ರೀರಂಗಪಟ್ಟಣದ ಗಂಜಾಂ. ಮೊದಲ ಅಕ್ಷರ ಊರೇ ಆಗಬೇಕೆಂದೂ ಇಲ್ಲ. ಪು.ತಿ.ನ. ಅವರ ‘ಪು’ ಎಂದರೆ ಪುರೋಹಿತ. ತಾಯಿಯ ಹೆಸರನ್ನು ಹೊತ್ತವರೂ ಇದ್ದಾರೆ. ಎಂ.ಎಸ್. ಸುಬ್ಬುಲಕ್ಷ್ಮಿಯವರ ‘ಎಂ’ ಮಧುರೆ, ‘ಎಸ್’ ಅವರ ತಾಯಿ, ವೀಣೆ ವಿದ್ವಾಂಸೆ ಷಣ್ಮುಖವಡಿವು.

ಯಡಿಯೂರಪ್ಪನವರ ಹೆಸರಿನಲ್ಲಿ ಎರಡು ಊರಿವೆ: ಬೂಕನಕೆರೆ ಹುಟ್ಟೂರು, ಇನ್ನು ಸ್ವಂತ ಹೆಸರು ಬಂದದ್ದು ಕುಣಿಗಲ್ ತಾಲ್ಲೂಕಿನ ಯಡಿಯೂರಿನ ಸಿದ್ಧಲಿಂಗೇಶ್ವರನಿಂದ.

ಅಂದಹಾಗೆ ಬಿ.ಟಿ.ಎಂ. ಲೇಔಟ್ ಕೂಡ ನಮ್ಮ ಹಾಗೆ ಇನಿಷಿಯಲ್ ಇಟ್ಟುಕೊಂಡ ಬಡಾವಣೆ. ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳು ಆ ಮೂರು ಅಕ್ಷರದಲ್ಲಿ ಅಡಗಿವೆ. ‘ಮೂಲವಿಲ್ಲ’ ಎನ್ನುವುದಕ್ಕಿಂತ ‘ಮೂಲ ಮಡಚಿಟ್ಟಿದೆ’ ಎನ್ನುವುದು ಸರಿ.

ತುಂಗಭದ್ರೆ ದಾಟಿದರೆ ಕ್ರಮವೇ ತಿರುಗುತ್ತದೆ

ಧಾರವಾಡ, ಬೆಳಗಾವಿ, ವಿಜಯಪುರದ ಕಡೆ ಮೊದಲು ಸ್ವಂತ ಹೆಸರು, ಆಮೇಲೆ ಅಪ್ಪನ ಹೆಸರು, ಕೊನೆಗೆ ಅಡ್ಡಹೆಸರು. ದತ್ತಾತ್ರೇಯ ರಾಮಚಂದ್ರ ಬೇಂದ್ರೆ ‘ದ.ರಾ. ಬೇಂದ್ರೆ’ ಆದದ್ದು ಹೀಗೆ. ಅಲ್ಲಿ ಊರು ಇನಿಷಿಯಲ್ ಆಗುವುದಿಲ್ಲ, ಅಡ್ಡಹೆಸರೇ ಆಗುತ್ತದೆ: ಗಂಗೂಬಾಯಿ ಹಾನಗಲ್, ಮಲ್ಲಿಕಾರ್ಜುನ ಮನ್ಸೂರ, ಎಂ.ಎಂ. ಕಲಬುರ್ಗಿ.

ಉತ್ತರ ಕರ್ನಾಟಕದ ಅಡ್ಡಹೆಸರುಗಳಷ್ಟು ರುಚಿಯಾದ ವಿಷಯ ನಮ್ಮ ಹೆಸರುಗಳ ಲೋಕದಲ್ಲಿ ಇನ್ನೊಂದಿಲ್ಲ. ರುಚಿ ಎಂದದ್ದು ಸುಮ್ಮನೆ ಅಲ್ಲ. ಮೆಣಸಿನಕಾಯಿ, ಉಳ್ಳಾಗಡ್ಡಿ, ಬೆಲ್ಲದ, ಅಕ್ಕಿ, ಉಪ್ಪಿನ, ಎಣ್ಣಿ, ಎಲ್ಲವೂ ಜನರ ಅಡ್ಡಹೆಸರುಗಳು. ಹಿರಿಯರು ಮಾರಿದ ಸರಕು, ಬೆಳೆದ ಬೆಳೆ ಮನೆತನಕ್ಕೆ ಅಂಟಿಕೊಂಡಿತು. ಮನೆ ಮುಂದೆ ಮರವಿದ್ದರೆ ಹುಣಸೀಮರದ, ಬೇವಿನಮರದ. ಮನೆಗೆ ಕಟ್ಟೆಯಿದ್ದರೆ ಕಟ್ಟೀಮನಿ. ಮರಗೆಲಸದವರು ಬಡಿಗೇರ, ಕಬ್ಬಿಣದವರು ಕಮ್ಮಾರ ಅಥವಾ ಕಂಬಾರ, ಮಡಕೆ ಮಾಡುವವರು ಕುಂಬಾರ, ಚಿನ್ನಬೆಳ್ಳಿಯವರು ಪತ್ತಾರ, ಹೂವಿನವರು ಹೂಗಾರ, ಹತ್ತಿ ಹಿಂಜುವವರು ನದಾಫ. ಈ ಕೊನೆಯದು ಅರಬ್ಬಿ ಮೂಲದ ಪದ. ಊರ ಕಾವಲಿನವರು ತಳವಾರ, ಲೆಕ್ಕದವರು ಕುಲಕರ್ಣಿ, ಮುಖ್ಯಸ್ಥರು ಪಾಟೀಲ.

ಕುಲಕರ್ಣಿ, ಪಾಟೀಲ ಮುಂತಾದ ಊರ ಹುದ್ದೆಗಳು ತಂದೆಯಿಂದ ಮಗನಿಗೆ ಹೋಗುತ್ತಿದ್ದವು. ಆ ವಂಶಪಾರಂಪರ್ಯ ಕೊನೆಗೊಂಡದ್ದು 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆಯಿಂದ, ಅದು ಜಾರಿಯಾದದ್ದು 1963ರ ಫೆಬ್ರವರಿ 1ರಂದು. ಹುದ್ದೆ ಹೋಯಿತು, ಹೆಸರು ಉಳಿಯಿತು. ಇವತ್ತು ಕುಲಕರ್ಣಿಯವರೆಲ್ಲ ಲೆಕ್ಕ ಬರೆಯುತ್ತಿಲ್ಲ, ಚಂದ್ರಶೇಖರ ಕಂಬಾರರು ಕಬ್ಬಿಣ ಬಡಿಯಲಿಲ್ಲ, ನಾಟಕ ಬರೆದರು.

ಕೊಡಗಿನಲ್ಲಿ ಇನ್ನೊಂದು ಬಗೆ. ಅಲ್ಲಿ ಮೊದಲಿಗೆ ಬರುವುದು ಒಕ್ಕದ ಹೆಸರು. ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯ ಇಬ್ಬರ ‘ಕೆ’ಯೂ ಕೊಡಂದೇರ. ಟೆನಿಸ್‌ನ ರೋಹನ್ ಬೋಪಣ್ಣ ಮಚ್ಚಂಡ ಒಕ್ಕದವರು. 1997ರಿಂದ ನಡೆಯುತ್ತಿರುವ ಕೊಡವ ಹಾಕಿ ಹಬ್ಬದಲ್ಲಿ ತಂಡಗಳು ಕಣಕ್ಕಿಳಿಯುವುದೇ ಒಕ್ಕದ ಹೆಸರಿನಲ್ಲಿ. ಮಂಗಳೂರಿನ ಕ್ರೈಸ್ತರ ಫೆರ್ನಾಂಡಿಸ್, ರೋಡ್ರಿಗಸ್, ಪಿರೇರಾ ಪೋರ್ಚುಗೀಸ್ ಕಾಲದವು. ಫೆರ್ನಾಂಡಿಸ್ ಎಂದರೆ ಫೆರ್ನಾಂಡೋನ ಮಗ, ರೋಡ್ರಿಗಸ್ ಎಂದರೆ ರೋಡ್ರಿಗೋನ ಮಗ. ಪಿರೇರಾ ಎಂದರೆ ಪೇರಿಹಣ್ಣಿನ ಮರ. ಹಾವೇರಿಯ ಬೇವಿನಮರದ, ಮಂಗಳೂರಿನ ಪಿರೇರಾ, ಇಬ್ಬರ ಹೆಸರಿನಲ್ಲೂ ಒಂದು ಮರ ನಿಂತಿದೆ.

ಹಾಗಾದರೆ ಸರ್‌ನೇಮ್‌ನಿಂದ ಜಾತಿ ತಿಳಿಯುವುದಿಲ್ಲವೇ?

ಕೆಲವು ಹೆಸರುಗಳು ಒಂದು ಸೀಮೆಯಲ್ಲಿ ಒಂದು ಸಮುದಾಯದಲ್ಲಿ ಹೆಚ್ಚು ಕಾಣುತ್ತವೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಫಾರ್ವರ್ಡ್ ಹೇಳುವ ‘ಒಂದು ಹೆಸರು, ಒಂದು ಜಾತಿ’ ಲೆಕ್ಕ ಅದರ ಪಟ್ಟಿಯ ಮೊದಲ ಮೂರು ಹೆಸರಿಗೇ ಬಿದ್ದುಹೋಗುತ್ತದೆ.

ಹೆಗಡೆಯನ್ನು ತೆಗೆದುಕೊಳ್ಳಿ. ಹಳಗನ್ನಡದ ‘ಪೆರ್ಗಡೆ’ ಎಂದರೆ ಹಿರಿಯ ಅಧಿಕಾರಿ. ಪದದ ಮೊದಲ ‘ಪ’ಕಾರ ಮುಂದೆ ‘ಹ’ಕಾರವಾಗಿ ಅದು ಹೆಗ್ಗಡೆ, ಹೆಗ್ಡೆ, ಹೆಗಡೆ ಆಯಿತು. ನಮ್ಮ ಹೆಬ್ಬಾಳದಲ್ಲೂ ಆದದ್ದು ಅದೇ. ಸುಮಾರು ಕ್ರಿ.ಶ. 750ರ ಕಿತ್ತಯ್ಯನ ಶಾಸನದಲ್ಲಿ ಅದು ಪೆರ್ಬೊಳಲ್. ಪೆರ್ಗಡೆ ಒಂದು ಹುದ್ದೆಯಾದ್ದರಿಂದ ಅದನ್ನು ಯಾವ ಜಾತಿಯವರಾದರೂ ಹೊತ್ತಿರಬಹುದಿತ್ತು. ಮಾಜಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ಸಿದ್ದಾಪುರದ ಹವ್ಯಕ ಬ್ರಾಹ್ಮಣರು. ಲೋಕಸಭೆಯ ಸ್ಪೀಕರ್ ಆಗಿದ್ದ ನ್ಯಾಯಮೂರ್ತಿ ಕೆ.ಎಸ್. ಹೆಗ್ಡೆ ಬಂಟರು. ಧರ್ಮಸ್ಥಳದ ಹೆಗ್ಗಡೆ ಮನೆತನ ಜೈನರದು. ಒಂದೇ ಪದ, ಮೂರು ಸಮುದಾಯ. ಹೆಗಡೆ ಎಂದು ಕೇಳಿ ಮನೆ ಕೊಟ್ಟವರು ಏನೆಂದುಕೊಂಡು ಕೊಟ್ಟರೋ!

ಗೌಡ ಕೂಡ ಹುದ್ದೆಯೇ. ಶಾಸನಗಳಲ್ಲಿ ಗಾಮುಂಡ, ಗಾವುಂಡ ಎಂದು ಬರುವ ಪದ ಸವೆದು ಗೌಡ ಆಗಿದೆ, ಊರಿನ ಮುಖ್ಯಸ್ಥ ಎಂದರ್ಥ. ಹಳೇ ಮೈಸೂರಿನಲ್ಲಿ ಒಕ್ಕಲಿಗರು ಗೌಡರು. ಉತ್ತರದಲ್ಲಿ ಲಿಂಗಾಯತ ಗೌಡರು ಊರೂರಿಗಿದ್ದಾರೆ, ಅಲ್ಲಿ ‘ಬಸನಗೌಡ ಪಾಟೀಲ’ ಎಂದು ಒಂದೇ ಅರ್ಥದ ಎರಡು ಪದ ಒಂದೇ ಹೆಸರಿನಲ್ಲಿ ಇರುವುದೂ ಉಂಟು. ಉತ್ತರ ಕನ್ನಡದ ಹಾಲಕ್ಕಿಗಳೂ ಗೌಡರೇ. ಪದ್ಮಶ್ರೀ ಪಡೆದ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡ, ಗಿಡ ನೆಟ್ಟು ಕಾಡು ಬೆಳೆಸಿದ ತುಳಸಿ ಗೌಡ ಇಬ್ಬರೂ ಹಾಲಕ್ಕಿಯವರು. ‘ಗೌಡ ಸಾರಸ್ವತ’ ಎಂಬಲ್ಲಿನ ಗೌಡಕ್ಕೂ ಇದಕ್ಕೂ ಸಂಬಂಧವೇ ಇಲ್ಲ, ಅದು ಗೌಡ ದೇಶದ ಹೆಸರು.

ಶೆಟ್ಟಿ ಸಂಸ್ಕೃತದ ಶ್ರೇಷ್ಠಿಯಿಂದ ಬಂದದ್ದು. ಕರಾವಳಿಯಲ್ಲಿ ಬಂಟರು, ಒಳನಾಡಿನಲ್ಲಿ ಬಣಜಿಗರು, ಆರ್ಯವೈಶ್ಯರು, ಇನ್ನೂ ಹಲವರು ಈ ಹೆಸರಿನವರು. ನಾಯಕ, ರಾವ್, ದೇಸಾಯಿ, ಪಾಟೀಲ ಎಲ್ಲದರ ಕಥೆಯೂ ಹೀಗೇ. ಉತ್ತರ ಕರ್ನಾಟಕದಲ್ಲಿ ಮುಸ್ಲಿಂ ಪಾಟೀಲರು, ದೇಸಾಯಿಗಳು ಇದ್ದಾರೆ, ಏಕೆಂದರೆ ಅವರ ಹಿರಿಯರೂ ಆ ಹುದ್ದೆಯಲ್ಲಿದ್ದರು.

ಇನ್ನು ಬೇಕೆಂದೇ ಹೆಸರಿನಿಂದ ಜಾತಿ ತೆಗೆದವರೂ ಇದ್ದಾರೆ. ತಮಿಳುನಾಡಿನಲ್ಲಿ 1929ರ ಚೆಂಗಲ್ಪಟ್ಟು ಸ್ವಾಭಿಮಾನ ಸಮ್ಮೇಳನದ ನಂತರ ಜಾತಿಪಟ್ಟ ಬಿಡುವುದು ದೊಡ್ಡದಾಗಿ ಹಬ್ಬಿತು. ಅಲ್ಲಿ ಬಹುಮಂದಿಗೆ ಇಂದಿಗೂ ಅಪ್ಪನ ಒಂದು ಅಕ್ಷರ, ಸ್ವಂತ ಹೆಸರು, ಅಷ್ಟೇ. ಬಿಹಾರದಲ್ಲಿ 1974ರ ಜೆ.ಪಿ. ಚಳವಳಿಯ ಹೊತ್ತಿಗೆ ಅನೇಕ ಯುವಕರು ಜಾತಿ ಸೂಚಿಸುವ ಸರ್‌ನೇಮ್ ಬಿಟ್ಟರು. ಆ ಜಯಪ್ರಕಾಶ ನಾರಾಯಣರ ಹೆಸರೇ ನಮ್ಮ ಜೆ.ಪಿ. ನಗರಕ್ಕಿರುವುದು. ಆ ಬಡಾವಣೆಯಲ್ಲಿ ನಿಂತು “ಸರ್‌ನೇಮ್ ಏನು?” ಎಂದು ಕೇಳುವವರಿಗೆ ಇದು ಗೊತ್ತಿರಲಿ.

‘ಆರವ್’ ಎಂದರೆ ಶಾಂತಿಯೇ?

ಹಳೆಯ ಹೆಸರು ಕೆಟ್ಟದ್ದು ಎಂದ ಸಂದೇಶವೇ ಹೊಸ ಹೆಸರುಗಳ ಪಟ್ಟಿಯನ್ನೂ ಕೊಟ್ಟಿದೆ, ಅರ್ಥ ಸಮೇತ. ಆರವ್ ಎಂದರೆ ಶಾಂತ ಸ್ವಭಾವದವನು ಎಂದಿದೆ. ಕನ್ನಡಿಗರಿಗೆ ನಿಘಂಟು ಬೇಡ, ಕಲರವ ಗೊತ್ತು, ನೀರವ ಗೊತ್ತು. ರವ ಎಂದರೆ ಸದ್ದು, ನೀರವ ಎಂದರೆ ಸದ್ದಿಲ್ಲದ್ದು. ಸಂಸ್ಕೃತದಲ್ಲಿ ಆರವ ಎಂದರೂ ಸದ್ದು, ಕೂಗು. ಪುಟ್ಟ ಮಕ್ಕಳಿರುವ ಮನೆಗೆ ಒಪ್ಪುವ ಹೆಸರೇ, ಆದರೆ ಶಾಂತಿ ಮಾತ್ರ ಅಲ್ಲ. ‘ಅಂಶ್’ ಎಂದು ಕೊನೆಗೊಳ್ಳುವ ಹೆಸರುಗಳಿಗೆಲ್ಲ ಸೂರ್ಯನ ಮೊದಲ ಕಿರಣ ಎಂದು ಬರೆದಿದ್ದಾರೆ. ಕಿರಣಕ್ಕೆ ಸಂಸ್ಕೃತದಲ್ಲಿ ಅಂಶು, ಅಂಶ ಎಂದರೆ ಪಾಲು. ಕಿಯಾರಾ ಇಟಲಿಯ ಹೆಸರು, ಅಲ್ಲಿ ಅದಕ್ಕೆ ತಿಳಿಯಾದ, ಬೆಳಕಿನ ಎಂಬ ಅರ್ಥವಿದೆ. ಅದನ್ನು ಸಂಸ್ಕೃತ ಎಂದು ಮಾರುವುದೇಕೆ?

ಇಂಥ ಹೆಸರು ಇಡಬಾರದು ಎಂದು ನಾವು ಹೇಳುತ್ತಿಲ್ಲ. ಕೇಳಲು ಇಂಪಾಗಿದ್ದರೆ ಅದೇ ಸಾಕಷ್ಟು ಕಾರಣ. ಅರ್ಥಕ್ಕಾಗಿಯೇ ಇಡುವುದಾದರೆ ಮಾತ್ರ ಒಮ್ಮೆ ನಿಘಂಟು ತೆರೆಯಿರಿ. ಕನ್ನಡ 
ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ಕನ್ನಡ ನಿಘಂಟು ಇದೆ, 1894ರ ಕಿಟೆಲ್ ನಿಘಂಟು ಇದೆ.

ಸ್ಪೆಲ್ಲಿಂಗ್ ಬದಲಾಯಿಸಿದರೆ ಅದೃಷ್ಟ ಬದಲಾಗುತ್ತದೆ ಎಂಬ ಸಾಲಿಗೆ ಎಲ್ಲರ ಕಣ್ಣೆದುರಿನ ಉದಾಹರಣೆ ಸಾಕು. ಯಡಿಯೂರಪ್ಪನವರು 2007ರಲ್ಲಿ ಇಂಗ್ಲಿಷ್ ಸ್ಪೆಲ್ಲಿಂಗ್ ಬದಲಾಯಿಸಿದರು, 2019ರಲ್ಲಿ ಹಳೆಯದಕ್ಕೇ ಮರಳಿದರು. ಎರಡೂ ಸ್ಪೆಲ್ಲಿಂಗ್‌ನಲ್ಲಿ ಮುಖ್ಯಮಂತ್ರಿಯಾದರು. ಹೊಸದರಲ್ಲಿ 2011ರ ಜುಲೈನಲ್ಲಿ, ಹಳೆಯದರಲ್ಲಿ 2021ರ ಜುಲೈನಲ್ಲಿ ರಾಜೀನಾಮೆ ಕೊಟ್ಟರು. ಕನ್ನಡದಲ್ಲಿ ಅವರ ಹೆಸರು ಎಲ್ಲ ಕಾಲಕ್ಕೂ ಒಂದೇ ಆಗಿತ್ತು.

ನಿಜವಾದ ತೊಂದರೆ ಇರುವುದು ಅರ್ಜಿಯಲ್ಲಿ

ಹೆಸರು ನಮ್ಮನ್ನು ಕಾಡುವುದು ಗ್ರಹಗತಿಯಿಂದಲ್ಲ, ಫಾರಂನ ಖಾನೆಗಳಿಂದ. ಪಾಸ್‌ಪೋರ್ಟ್ ಅರ್ಜಿಯಲ್ಲಿ ಇನಿಷಿಯಲ್ ಬರೆಯುವಂತಿಲ್ಲ, ಬಿಡಿಸಿ ಬರೆಯಬೇಕು. ಪ್ಯಾನ್ ಅರ್ಜಿಯಲ್ಲೂ ಮೊದಲ ಮತ್ತು ಕೊನೆಯ ಹೆಸರನ್ನು ಚುಟುಕುಗೊಳಿಸುವಂತಿಲ್ಲ. ಆಗ ಅಪ್ಪ ಊರಿನ ಹೆಸರನ್ನು ಸರ್‌ನೇಮ್ ಖಾನೆಗೆ ಹಾಕುತ್ತಾರೆ, ಮಗ ಅಪ್ಪನ ಹೆಸರನ್ನು ಹಾಕುತ್ತಾನೆ, ಸೊಸೆ ಗಂಡನ ಹೆಸರನ್ನು. ಒಂದೇ ಮನೆಯಲ್ಲಿ ಮೂರು ಸರ್‌ನೇಮ್. ವಿದೇಶಕ್ಕೆ ಹೋದ ಮಗನನ್ನು ಅಲ್ಲಿನವರು ಅಪ್ಪನ ಹೆಸರು ಹಿಡಿದು ಕರೆಯುತ್ತಾರೆ. ಪಾಸ್‌ಪೋರ್ಟ್‌ನಲ್ಲಿ ಒಂದೇ ಹೆಸರಿದ್ದವರಿಗೆ ಅಮೆರಿಕದ ವೀಸಾದಲ್ಲಿ ‘ಎಫ್‌ಎನ್‌ಯು’ ಎಂದು ಬರುತ್ತದೆ. ಮೊದಲ ಹೆಸರು ಗೊತ್ತಿಲ್ಲ ಎಂದರ್ಥ, ಅದೇನೋ ಹೊಸ ಇನಿಷಿಯಲ್ ಎಂದು ಗಾಬರಿಯಾಗಬೇಡಿ.

‘ಒಂದೇ ಹೆಸರಿನವರಿಗೆ ದುಬೈ ಬಂದ್’ ಎಂಬ ಫಾರ್ವರ್ಡ್ ಆಗಾಗ ಏಳುತ್ತದೆ. ಇದರ ಹಿಂದೆ ಅರ್ಧ ನಿಜವಿದೆ. 2022ರ ನವೆಂಬರ್‌ನಲ್ಲಿ ಯುಎಇ, ಪಾಸ್‌ಪೋರ್ಟ್‌ನಲ್ಲಿ ಒಂದೇ ಹೆಸರಿರುವ ಪ್ರವಾಸಿ ಮತ್ತು ಭೇಟಿ ವೀಸಾದವರಿಗೆ ಪ್ರವೇಶವಿಲ್ಲ ಎಂದಿತು. ಕೆಲವೇ ದಿನಗಳಲ್ಲಿ, ವೀಸಾ ಆನ್ ಅರೈವಲ್‌ಗೆ ಅರ್ಹರಾದವರ ಪಾಸ್‌ಪೋರ್ಟ್‌ನ ಎರಡನೇ ಪುಟದಲ್ಲಿ ತಂದೆಯ ಅಥವಾ ಕುಟುಂಬದ ಹೆಸರಿದ್ದರೆ ಸಾಕು ಎಂಬ ಸ್ಪಷ್ಟನೆ ಬಂತು. ಅಲ್ಲೇ ಕೆಲಸದಲ್ಲಿರುವ, ನಿವಾಸಿ ವೀಸಾ ಇರುವವರಿಗೆ ಆ ನಿಯಮ ಅನ್ವಯಿಸಲೇ ಇಲ್ಲ. ಟಿಕೆಟ್ ಮಾಡಿಸುವ ಮುಂಚೆ ಆಯಾ ವಿಮಾನಸಂಸ್ಥೆಯಲ್ಲಿ ಕೇಳಿಕೊಳ್ಳುವುದು ಒಳ್ಳೆಯದು.

ಮದುವೆಯಾದ ಮೇಲೆ ಹೆಂಡತಿ ಗಂಡನ ಹೆಸರು ಸೇರಿಸಿಕೊಳ್ಳಲೇಬೇಕು ಎಂಬ ಕಾನೂನು ಭಾರತದಲ್ಲಿಲ್ಲ. ಸೇರಿಸಿಕೊಳ್ಳುವುದಾದರೆ ಎಲ್ಲ ದಾಖಲೆಯಲ್ಲೂ ಒಂದೇ ರೀತಿ ಇರಲಿ. ಆಧಾರ್‌ನಲ್ಲಿ ಹೆಸರು ತಿದ್ದಿಸಲು ಜೀವಮಾನದಲ್ಲಿ ಎರಡೇ ಅವಕಾಶ, ಅದೃಷ್ಟಕ್ಕೆಂದು ಒಂದು ಅಕ್ಷರ ಸೇರಿಸಲು ಅದನ್ನು ಖರ್ಚು ಮಾಡುವ ಮುಂಚೆ ಯೋಚಿಸಿ.

ಹೊಸ ಅಪ್ಪಅಮ್ಮಂದಿರು ಅವಸರದಲ್ಲಿ ಹೆಸರು ಹುಡುಕುವ ಅಗತ್ಯವೂ ಇಲ್ಲ. ಜನನವನ್ನು 21 ದಿನದೊಳಗೆ ನೋಂದಾಯಿಸಬೇಕು, ನಿಜ. ಆದರೆ ಮಗುವಿನ ಹೆಸರಿಲ್ಲದೆಯೂ ನೋಂದಣಿ ಆಗುತ್ತದೆ. ಒಂದು ವರ್ಷದೊಳಗೆ ಶುಲ್ಕವಿಲ್ಲದೆ, ಆಮೇಲೆ ತಡಶುಲ್ಕ ಕಟ್ಟಿ 15 ವರ್ಷದವರೆಗೂ ಹೆಸರು ಸೇರಿಸಬಹುದು. ಆಗಲೇ ಇನಿಷಿಯಲ್ ಬಿಡಿಸಿ ಬರೆಸಿಬಿಟ್ಟರೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಿಂದ ಪಾಸ್‌ಪೋರ್ಟ್‌ವರೆಗೆ ಒಂದೇ ಹೆಸರು ನಡೆಯುತ್ತದೆ.

ನಿಮ್ಮ ಹೆಸರಿನ ಮೊದಲ ಅಕ್ಷರ ಯಾವ ಊರಿನದು ಎಂದು ನಿಮಗೆ ಗೊತ್ತೇ? ಎಷ್ಟೋ ಜನರಿಗೆ ‘ಕೆ’ ಎಂದರೆ ‘ಕೆ’, ಅಷ್ಟೇ. ಅಜ್ಜಅಜ್ಜಿ ಇದ್ದರೆ ಇವತ್ತೇ ಒಂದು ಫೋನ್ ಮಾಡಿ ಕೇಳಿ. ಊರು, ತಾಲ್ಲೂಕು, ಅಲ್ಲಿಂದ ಹೊರಟ ಕಾರಣ, ಹೆಸರಿಟ್ಟವರು ಯಾರು, ಯಾವ ದೇವರ ಹೆಸರು, ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದುಕೊಂಡು ಅದರ ಫೋಟೊ ಮನೆಯವರ ಗ್ರೂಪಿಗೆ ಹಾಕಿ. ನಮಗೆ ಬರೆದ ಪುಟ್ಟೇನಹಳ್ಳಿಯ ಓದುಗರಿಗೂ ಇದನ್ನೇ ಹೇಳಿದೆವು. ಮರುದಿನ ಅವರ ಉತ್ತರ ಬಂತು. ಮೊಮ್ಮಗ ತಾತನನ್ನೇ ಕೇಳಿದನಂತೆ. ತಾತ ಹೇಳಿದ್ದು: “ನನಗಿಂತ ಮುಂಚೆ ಹುಟ್ಟಿದ ಇಬ್ಬರು ಉಳೀಲಿಲ್ಲ ಕಣಪ್ಪ. ನಾನು ತುಂಬ ಸಣ್ಣಗೆ ಹುಟ್ಟಿದ್ದೆ. ಅದಕ್ಕೇ ನಮ್ಮವ್ವ ಪುಟ್ಟ ಅಂದ್ಲು.”